ಮನೆ ಎರಡನೇ ದರ್ಜೆಯಲ್ಲ

ಹೃದಯ ಕಸಿ ಮಾಡಿಸಿಕೊಂಡ ಮಕ್ಕಳ ವ್ಯಾಯಾಮದ ಬಗ್ಗೆ ಬೇರೂರಿರುವ ಅಭಿಪ್ರಾಯವನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ಒಂದು, ಇಂಥ ಮಗುವಿಗೆ ಆಯಾಸ ಆಗಕೂಡದು. ಎರಡು, ವ್ಯಾಯಾಮ ಮಾಡಿಸಲೇಬೇಕಿದ್ದರೆ ಅದು ಆಸ್ಪತ್ರೆಯ ಪುನಶ್ಚೇತನ ಕೇಂದ್ರದಲ್ಲಿ, ಮಾನಿಟರಿನ ಕಣ್ಗಾವಲಿನಲ್ಲಿ ನಡೆಯಬೇಕು. ಅಲ್ಲಿಗೆ ಬರಲಾರದವರಿಗಷ್ಟೇ ಮನೆ. ಮೊದಲನೆಯದನ್ನು ವೈದ್ಯರು ಈಗ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಮನೆಮಂದಿ ಹಾಗೆಯೇ ನಡೆದುಕೊಳ್ಳುತ್ತಾರೆ. ಎರಡನೆಯದನ್ನು ವೈದ್ಯರೇ ಹೇಳುತ್ತಾರೆ, ಪುರಾವೆ ಮುಂದಿಟ್ಟುಕೊಂಡು ಹೇಳುತ್ತಾರೆ. ನನ್ನ ತಕರಾರು ಎರಡರ ಮೇಲೂ ಇದೆ. ಎರಡನೆಯದರ ಮೇಲೆ ತುಸು ಹೆಚ್ಚು, ಯಾಕೆಂದರೆ ಅದಕ್ಕೆ ಆಧಾರವೆಂದು ತೋರಿಸುವ ಅಧ್ಯಯನವನ್ನು ಓದಿದರೆ ಅದು ಬೇರೇನನ್ನೋ ಹೇಳುತ್ತದೆ. ಮನೆಯ ವ್ಯಾಯಾಮದ ಪರ ನಿಂತವರ ಮೇಲೂ ನನಗೆ ಮುನಿಸಿದೆ. ಅದು ಆಮೇಲೆ.

ಮೊದಲು, ಮಗುವನ್ನು ಗಾಜಿನ ಬೊಂಬೆಯಂತೆ ಕಾಣುವ ಕಲ್ಪನೆ. ಅದಕ್ಕೊಂದು ಚರಿತ್ರೆಯಿದೆ, ಅದನ್ನು ಗೌರವಿಸಲೇಬೇಕು. 1967ರ ಡಿಸೆಂಬರ್ 3ರಂದು ಕೇಪ್ ಟೌನಿನ ಗ್ರೂಟ್ ಶೂರ್ ಆಸ್ಪತ್ರೆಯಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮನುಷ್ಯನಿಗೆ ಮನುಷ್ಯನ ಹೃದಯವನ್ನು ಮೊದಲ ಬಾರಿ ಕಸಿ ಮಾಡಿದಾಗ ರೋಗಿ ಬದುಕಿದ್ದು 18 ದಿನ. ಮೂರು ದಿನ ಕಳೆದು ಬ್ರೂಕ್ಲಿನ್‌ನಲ್ಲಿ ಏಡ್ರಿಯನ್ ಕ್ಯಾಂಟ್ರೊವಿಟ್ಜ್ ಹಸುಗೂಸೊಂದಕ್ಕೆ ಕಸಿ ಮಾಡಿದರು. ಮಗು ಕೆಲವೇ ಗಂಟೆ ಉಳಿಯಿತು. ಮರುವರ್ಷದ ಫೆಬ್ರವರಿಯಲ್ಲಿ ಮುಂಬೈಯಲ್ಲಿ ಪಿ.ಕೆ. ಸೇನ್ ಪ್ರಯತ್ನಿಸಿದಾಗಲೂ ಅದೇ ಕಥೆ. ಭಾರತದಲ್ಲಿ ಕಸಿ ಯಶಸ್ವಿಯಾಗಲು 1994ರ ಆಗಸ್ಟ್‌ವರೆಗೆ, ದೆಹಲಿಯ ಏಮ್ಸ್‌ನಲ್ಲಿ ಪಿ. ವೇಣುಗೋಪಾಲ್ ಅವರ ಶಸ್ತ್ರಚಿಕಿತ್ಸೆಯವರೆಗೆ ಕಾಯಬೇಕಾಯಿತು. ಬದುಕುತ್ತದೋ ಇಲ್ಲವೋ ಎಂಬ ಪ್ರಶ್ನೆಯೊಂದೇ ಇದ್ದ ಕಾಲದಲ್ಲಿ ಓಡುತ್ತದೋ ಇಲ್ಲವೋ ಎಂದು ಕೇಳುವವರು ಯಾರು? 1980ರ ದಶಕದಲ್ಲಿ, ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೊರಿನ್ ಬಂದಮೇಲೆ ಲೆಕ್ಕ ಬದಲಾಯಿತು. ಶೈಶವದಲ್ಲಿ ಕಸಿಯಾದವರು ಇಂದು ಇಪ್ಪತ್ತು ದಾಟಿ ಕಾಲೇಜು ಮುಗಿಸುತ್ತಿದ್ದಾರೆ. ಔಷಧ ಬದಲಾಯಿತು, ಆಯುಸ್ಸು ಬದಲಾಯಿತು, 18 ದಿನದ ಕಾಲದ ಅಂಜಿಕೆ ಮಾತ್ರ ಹಾಗೇ ಉಳಿಯಿತು.

ಆ ಅಂಜಿಕೆ ಏನು ಮಾಡುತ್ತದೆ ಎಂಬುದನ್ನು ಮೊರಿಸ್ ಗ್ರೀನ್ ಮತ್ತು ಆಲ್ಬರ್ಟ್ ಸಾಲ್ನಿಟ್ ಎಂಬ ಇಬ್ಬರು ವೈದ್ಯರು 1964ರಲ್ಲೇ, ಕಸಿಯ ಯುಗ ಶುರುವಾಗುವ ಮೊದಲೇ, ಬರೆದಿಟ್ಟಿದ್ದಾರೆ. ಸಾವಿನ ಬಾಗಿಲವರೆಗೆ ಹೋಗಿ ಬಂದ ಮಗುವನ್ನು ತಂದೆತಾಯಿ ಅದು ಚೇತರಿಸಿಕೊಂಡ ಮೇಲೂ ಸಾಯಲಿರುವ ಮಗುವಿನಂತೆಯೇ ಸಾಕುತ್ತಾರೆ. ಮಗುವೂ ತನ್ನನ್ನು ಹಾಗೆಯೇ ಕಾಣತೊಡಗುತ್ತದೆ. ಕಸಿಯಾದ ಮಗುವಿನ ಮನೆಯಲ್ಲಿ ಇದರ ರೂಪ ನಮಗೆಲ್ಲ ಗೊತ್ತಿರುವಂಥದ್ದೇ. ಪಿಟಿ ಪೀರಿಯಡ್ಡಿನಲ್ಲಿ ಮರದ ಕೆಳಗೆ ಕೂತು ಉಳಿದವರ ವಾಚು, ಚಪ್ಪಲಿ, ನೀರಿನ ಬಾಟಲಿ ಕಾಯುವ ಹುಡುಗ. ಮೆಟ್ಟಿಲ ಬಳಿ ಬಂದ ಕೂಡಲೇ ಎತ್ತಿಕೊಳ್ಳುವ ಅಪ್ಪ. ಇವರಲ್ಲಿ ಯಾರೂ ಕೆಟ್ಟವರಲ್ಲ. ಆದರೂ ಆ ಹುಡುಗನ ಕಾಲು ಕರಗುವುದು ಇವರೆಲ್ಲರ ಒಳ್ಳೆಯತನದಿಂದಲೇ.

ಕಾಲು ಕರಗುವುದೆಂದರೆ ಅಕ್ಷರಶಃ ಹೌದು. ಮೊದಲ ಹೃದಯ ಕಸಿಗೆ ಒಂದು ವರ್ಷ ಮುಂಚೆ, 1966ರಲ್ಲಿ, ಡಲ್ಲಾಸ್‌ನಲ್ಲಿ ಇಪ್ಪತ್ತರ ಆಸುಪಾಸಿನ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿ ಪರೀಕ್ಷಿಸಿದರು. ದೇಹ ಗರಿಷ್ಠ ಶ್ರಮದಲ್ಲಿ ಬಳಸಬಲ್ಲ ಆಮ್ಲಜನಕದ ಪ್ರಮಾಣ ಕಾಲು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಅದೇ ಐವರನ್ನು ಮೂವತ್ತು ವರ್ಷದ ಮೇಲೆ ಮತ್ತೆ ಪರೀಕ್ಷಿಸಿದಾಗ, ಮೂರು ದಶಕದ ವಯಸ್ಸು ಮಾಡಿದ ಹಾನಿಗಿಂತ ಆ ಮೂರು ವಾರದ ಮಲಗುವಿಕೆ ಮಾಡಿದ ಹಾನಿಯೇ ಹೆಚ್ಚಿತ್ತು. ಇವರು ಆರೋಗ್ಯವಂತರು ಎಂಬುದನ್ನು ಮರೆಯಬಾರದು. ದಾನಿಯ ಹೃದಯಕ್ಕಾಗಿ ಕಾಯುವ ಮಗು ತಿಂಗಳುಗಟ್ಟಲೆ ಹಾಸಿಗೆಯಲ್ಲಿರುತ್ತದೆ, ಕೆಲವೊಮ್ಮೆ ಹೃದಯದ ಕೆಲಸಕ್ಕೆ ನೆರವಾಗುವ ಬರ್ಲಿನ್ ಹಾರ್ಟ್‌ನಂಥ ಯಂತ್ರಕ್ಕೆ ಕಟ್ಟಿಹಾಕಿದಂತೆ. ಹೊಸ ಹೃದಯ ಎದೆಯೊಳಗೆ ಕೂರುವ ಹೊತ್ತಿಗೆ ತೊಡೆಯ ಸ್ನಾಯು ಸೊರಗಿರುತ್ತದೆ. ಆಮೇಲೆ ಬರುವ ಸ್ಟೀರಾಯ್ಡು ಅದೇ ಸ್ನಾಯುವನ್ನು ಇನ್ನಷ್ಟು ತಿನ್ನುತ್ತದೆ, ಮೂಳೆಯನ್ನು ತೆಳುಗೊಳಿಸುತ್ತದೆ, ಮುಖ ಉಬ್ಬಿಸುತ್ತದೆ. ಟ್ಯಾಕ್ರೋಲಿಮಸ್, ಸೈಕ್ಲೋಸ್ಪೊರಿನ್‌ಗಳಂಥ ಔಷಧಗಳು ರಕ್ತದೊತ್ತಡ ಏರಿಸುತ್ತವೆ. ಕಸಿಯಾದ ಮಕ್ಕಳ ಗರಿಷ್ಠ ಆಮ್ಲಜನಕ ಬಳಕೆ ಓರಗೆಯವರದರ ಮೂರರಲ್ಲಿ ಎರಡು ಪಾಲಿನ ಆಸುಪಾಸಿನಲ್ಲಿರುತ್ತದೆ ಎಂಬುದು ಈ ಕ್ಷೇತ್ರದವರಿಗೆಲ್ಲ ಗೊತ್ತಿರುವ ಅಂಕಿ. ಅದನ್ನು ಇಡಿಯಾಗಿ ಹೃದಯದ ಖಾತೆಗೆ ಬರೆಯುವುದು ರೂಢಿ. ದೊಡ್ಡ ಪಾಲು ಕಾಲಿನ ಖಾತೆಗೆ ಸೇರಬೇಕಾದದ್ದು.

ಇಲ್ಲಿ ಎದುರುಪಕ್ಷದವರ ಅತ್ಯಂತ ಬಲವಾದ ವಾದ ಬರುತ್ತದೆ, ಅದನ್ನು ಹಗುರಾಗಿ ಕಾಣುವಂತಿಲ್ಲ. ಕಸಿ ಮಾಡುವಾಗ ಹೃದಯಕ್ಕೆ ಹೋಗುವ ನರಗಳನ್ನು ಕತ್ತರಿಸಿರುತ್ತಾರೆ. ಬಡಿತವನ್ನು ತಗ್ಗಿಸಿಡುವ ವೇಗಸ್ ನರದ ಹಿಡಿತ ತಪ್ಪಿರುವುದರಿಂದ ಸುಮ್ಮನೆ ಕೂತಾಗಲೂ ನಾಡಿ ನಿಮಿಷಕ್ಕೆ ನೂರರ ಹತ್ತಿರ ಹೊಡೆಯುತ್ತಿರುತ್ತದೆ. ಓಡತೊಡಗಿದರೆ ತಕ್ಷಣ ಏರುವುದಿಲ್ಲ. ಅಡ್ರಿನಲ್ ಗ್ರಂಥಿಯ ರಸ ರಕ್ತದಲ್ಲಿ ಹರಿದು ಬಂದು ಮುಟ್ಟಿದ ಮೇಲಷ್ಟೇ ಹೃದಯ ಎಚ್ಚೆತ್ತುಕೊಳ್ಳುತ್ತದೆ. ಓಟ ನಿಂತ ಮೇಲೂ ಕೆಲವು ನಿಮಿಷ ಅದೇ ವೇಗದಲ್ಲಿ ಓಡುತ್ತಿರುತ್ತದೆ, ಗರಿಷ್ಠ ಬಡಿತವೂ ಓರಗೆಯವರಷ್ಟು ಮೇಲಕ್ಕೆ ಹೋಗುವುದಿಲ್ಲ. ವರ್ಷಗಳು ಕಳೆದಂತೆ ನರಗಳು ಒಂದಿಷ್ಟು ಮರಳಿ ಚಿಗುರುತ್ತವೆ, ಎಲ್ಲರಲ್ಲೂ ಒಂದೇ ತೆರನಾಗಿ ಅಲ್ಲ. ಇದಕ್ಕಿಂತ ಗಂಭೀರವಾದದ್ದು, ರಕ್ತನಾಳ ಕಟ್ಟಿಕೊಂಡರೂ ಎದೆನೋವು ಬಾರದಿರುವುದು. ಕಸಿಹೃದಯದ ನಾಳಗಳು ನಿಧಾನವಾಗಿ ಕಿರಿದಾಗುವ ಕಾಯಿಲೆ ಸದ್ದಿಲ್ಲದೆ ಬೆಳೆಯುತ್ತದೆ. ಅದಕ್ಕೇ ಕಾಲಕಾಲಕ್ಕೆ ಆಂಜಿಯೋಗ್ರಾಮ್ ಬೇಕು. ಹೀಗಿರುವಾಗ ಮನೆಯಲ್ಲಿ ಯಾರ ಭರವಸೆಯ ಮೇಲೆ ಮಗುವನ್ನು ಓಡಿಸುವುದು?

ಪ್ರಶ್ನೆ ಸರಿಯಾಗಿದೆ. ಆದರೆ ಈ ಶರೀರಶಾಸ್ತ್ರದಿಂದ ಹೊರಡುವ ತೀರ್ಮಾನ ವ್ಯಾಯಾಮ ಬೇಡ ಎಂಬುದಲ್ಲ. ಇದರ ಗಡಿಯಾರ ಬೇರೆ ಎಂಬುದು. ಹತ್ತು ನಿಮಿಷ ಮೆಲ್ಲಗೆ ನಡೆದು ಆಮೇಲೆ ವೇಗ ಹೆಚ್ಚಿಸಬೇಕು, ಕೊನೆಯಲ್ಲಿ ಥಟ್ಟನೆ ಕೂರದೆ ಮತ್ತೆ ಮೆಲ್ಲಗೆ ನಡೆಯಬೇಕು. ನಾಡಿ ಎಣಿಸಿ ಶ್ರಮ ಅಳೆಯುವ ಪದ್ಧತಿ ಇಲ್ಲಿ ದಾರಿ ತಪ್ಪಿಸುತ್ತದೆ. 220ರಿಂದ ವಯಸ್ಸು ಕಳೆದು ಗುರಿ ನಿಗದಿ ಮಾಡುವ ಸ್ಮಾರ್ಟ್‌ವಾಚು ಈ ಮಗುವಿನ ಕೈಯಲ್ಲಿ ಆಭರಣ ಮಾತ್ರ. ಬದಲಿಗೆ ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ, 6ರಿಂದ 20ರವರೆಗಿನ ಆಯಾಸದ ಅಳತೆಗೋಲು ಬಳಸುತ್ತಾರೆ. ಎಷ್ಟು ಕಷ್ಟ ಅನಿಸುತ್ತಿದೆ ಎಂದು ಮಗುವೇ ಹೇಳುತ್ತದೆ, 12ರಿಂದ 14ರ ನಡುವೆ ಇದ್ದರೆ ಸಾಕು. ಅದೂ ಬೇಡವೆಂದರೆ, ನಡೆಯುತ್ತ ಮಾತಾಡಲು ಆಗುತ್ತಿದೆಯೇ ಎಂದು ನೋಡಿದರೆ ಆಯಿತು. ಗಮನಿಸಬೇಕಾದದ್ದು ಇದು: ಮಾನಿಟರಿನ ಪರದೆಯ ಮೇಲೆ ಎಲ್ಲರೂ ಮೊದಲು ನೋಡುವ ಅಂಕಿ, ಅಂದರೆ ನಾಡಿಬಡಿತ, ಶ್ರಮ ಅಳೆಯಲು ಈ ಮಕ್ಕಳಲ್ಲೇ ಅತ್ಯಂತ ಕಡಿಮೆ ನಂಬಬಹುದಾದದ್ದು. ಮಗುವಿನ ಬಾಯಿಂದ ಬರುವ ಅಂಕಿ ಮನೆಯಲ್ಲೂ ಸಿಗುತ್ತದೆ. ಯಾವಾಗ ನಿಲ್ಲಿಸಬೇಕು ಎಂಬುದನ್ನು ಮಾತ್ರ ಕಟ್ಟುನಿಟ್ಟಾಗಿ ಕಲಿಸಬೇಕು: ಜ್ವರ ಬಂದ ದಿನ, ದೇಹ ಹೊಸ ಹೃದಯವನ್ನು ತಿರಸ್ಕರಿಸುವ ರಿಜೆಕ್ಷನ್ನಿಗೆ ಚಿಕಿತ್ಸೆ ನಡೆಯುತ್ತಿರುವಾಗ, ತಲೆಸುತ್ತು ಬಂದಾಗ, ಎದೆಯೆಲುಬು ಕೂಡಿಕೊಳ್ಳುವ ಮೊದಲ ವಾರಗಳಲ್ಲಿ ಭಾರ ಎತ್ತುವ ವಿಷಯದಲ್ಲಿ. ಯಾವುದಕ್ಕೂ ಮೊದಲು ಕಸಿ ತಂಡದ ಒಪ್ಪಿಗೆ ಬೇಕೆಂಬುದರಲ್ಲಿ ನನಗೆ ಯಾವ ತಕರಾರೂ ಇಲ್ಲ.

ಈಗ ಎರಡನೇ ಅಭಿಪ್ರಾಯಕ್ಕೆ ಬರೋಣ. ಆಸ್ಪತ್ರೆಯೇ ಮೇಲು ಎನ್ನುವವರು ಮತ್ತೆ ಮತ್ತೆ ಕೈತೋರಿಸುವುದು 1999ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಕೊಬಾಶಿಗಾವಾ ತಂಡದ ಅಧ್ಯಯನದ ಕಡೆಗೆ. ಹೊಸದಾಗಿ ಕಸಿಯಾದ 27 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರು ತಿಂಗಳು ವ್ಯವಸ್ಥಿತವಾದ, ಮೇಲ್ವಿಚಾರಣೆಯ ತರಬೇತಿ. ಇನ್ನೊಂದಕ್ಕೆ ಮನೆಯಲ್ಲಿ ಮಾಡಿಕೊಳ್ಳಲು ಸೂಚನೆ. ಮೊದಲ ಗುಂಪಿನ ಗರಿಷ್ಠ ಆಮ್ಲಜನಕ ಬಳಕೆ 49 ಪ್ರತಿಶತ ಏರಿತು, ಎರಡನೆಯದರದು 18 ಪ್ರತಿಶತ. ಒಳ್ಳೆಯ ಕೆಲಸ. ಕಸಿಹೃದಯವೂ ತರಬೇತಿಗೆ ಓಗೊಡುತ್ತದೆ ಎಂದು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿದ ಈ ಕೆಲಸದ ಋಣ ಎಲ್ಲರ ಮೇಲೂ ಇದೆ. ಆದರೆ ಇದು ಆಸ್ಪತ್ರೆ ಮತ್ತು ಮನೆಗಳ ನಡುವಿನ ಪಂದ್ಯವೇ ಆಗಿರಲಿಲ್ಲ. ಒಂದು ಕಡೆ ಹೇಳಿಕೊಡುವ, ತಿದ್ದುವ, ಮುಂದಿನ ವಾರ ತುಸು ಹೆಚ್ಚಿಸುವ ಮನುಷ್ಯರಿದ್ದರು. ಇನ್ನೊಂದು ಕಡೆ ರೋಗಿ ಒಬ್ಬನೇ ಇದ್ದ. ಗೆದ್ದದ್ದು ಮನುಷ್ಯನ ಒಡನಾಟ. ಗೆಲುವನ್ನು ಕಟ್ಟಡದ ಹೆಸರಿಗೆ ಬರೆದವರು ಆಮೇಲಿನ ಓದುಗರು.

ಇದು ನನ್ನ ಕುತರ್ಕ ಎನ್ನುವವರು ಸ್ಕ್ಯಾಂಡಿನೇವಿಯಾದತ್ತ ನೋಡಬೇಕು. 2019ರಲ್ಲಿ ಪ್ರಕಟವಾದ, ನಾರ್ವೆ, ಸ್ವೀಡನ್, ಡೆನ್ಮಾರ್ಕ್‌ಗಳ 81 ವಯಸ್ಕ ರೋಗಿಗಳ ಅಧ್ಯಯನದಲ್ಲಿ ತರಬೇತಿಯನ್ನು ಕಸಿ ಕೇಂದ್ರದಿಂದ ಬಿಡಿಸಿ ರೋಗಿಗಳ ಊರಿಗೇ, ಸ್ಥಳೀಯ ಫಿಸಿಯೊಥೆರಪಿಸ್ಟರ ಕೈಗೆ ಒಪ್ಪಿಸಲಾಗಿತ್ತು. ಕಸಿಯಾಗಿ ಸರಾಸರಿ ಮೂರು ತಿಂಗಳೂ ತುಂಬದವರಿಗೆ ಸಾಧಾರಣ ವ್ಯಾಯಾಮವಿರಲಿ, ತೀವ್ರ ಗತಿಯ ಇಂಟರ್ವಲ್ ತರಬೇತಿಯನ್ನೂ ಕೊಟ್ಟರು. ತೀವ್ರ ತರಬೇತಿಯೇ ಹೆಚ್ಚು ಫಲ ಕೊಟ್ಟಿತು. ದೊಡ್ಡಾಸ್ಪತ್ರೆಯ ಗೋಡೆ ಬೇಕಾಗಲಿಲ್ಲ, ತಿಳಿದವರೊಬ್ಬರು ಹತ್ತಿರವಿರಬೇಕಾಯಿತು. ಇದು ಮನೆಯಂಗಳದ ವ್ಯಾಯಾಮವಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪುತ್ತೇನೆ. ಆದರೆ ತಜ್ಞತೆ ಆಸ್ಪತ್ರೆಯ ಆವರಣ ದಾಟಿ ಹೋಗಲಾರದು ಎಂಬ ನಂಬಿಕೆಯನ್ನಂತೂ ಅದು ಮುರಿಯುತ್ತದೆ.

ವಯಸ್ಕರ ಲೆಕ್ಕವನ್ನು ಮಕ್ಕಳಿಗೆ ಹಚ್ಚುವುದು ಎಷ್ಟು ಸರಿ? ಕೇಳಬೇಕಾದ ಪ್ರಶ್ನೆಯೇ. 2017ರ ಕೊಕ್ರೇನ್ ಸಮೀಕ್ಷೆ ಒಟ್ಟುಗೂಡಿಸಿದ್ದು 10 ಪ್ರಯೋಗ, 300 ರೋಗಿಗಳನ್ನು, ಅವರೆಲ್ಲ ವಯಸ್ಕರು. ಮಕ್ಕಳ ಮಟ್ಟಿಗೆ ಬಂದರೆ ನಮ್ಮ ಕೈಯಲ್ಲಿರುವುದು ಬೆರಳೆಣಿಕೆಯ ಸಣ್ಣ ಅಧ್ಯಯನಗಳು. 2008ರಲ್ಲಿ ಶಿಕಾಗೋದ ತಂಡವೊಂದು 11 ಮಂದಿ ಎಳೆಯರಿಗೆ ಮನೆಯಲ್ಲೇ 12 ವಾರ ತರಬೇತಿ ಕೊಟ್ಟಿತು. ವಾರಕ್ಕೆ ಮೂರು ದಿನ ಉಸಿರಾಟ ಏರಿಸುವಂಥ ವ್ಯಾಯಾಮ, ಎರಡು ದಿನ ರಬ್ಬರ್ ಪಟ್ಟಿ ಎಳೆಯುವ ಸ್ನಾಯುಬಲದ ಅಭ್ಯಾಸ. ತಾಳಿಕೆಯೂ ಆಮ್ಲಜನಕ ಬಳಕೆಯೂ ಹೆಚ್ಚಿದವು. 2020ರಲ್ಲಿ ಸ್ಟ್ಯಾನ್‌ಫರ್ಡ್‌ನವರು 14 ಮಂದಿ ಎಳೆಯರಿಗೆ ವಿಡಿಯೊ ಕರೆಯ ಮೂಲಕ ತರಬೇತುದಾರರನ್ನೂ ಆಹಾರತಜ್ಞರನ್ನೂ ಮನೆಯೊಳಕ್ಕೆ ಕರೆತಂದರು. ಮಕ್ಕಳು ತಪ್ಪಿಸಿಕೊಳ್ಳದೆ ಬಂದರು, ಅನಾಹುತವಾಗಲಿಲ್ಲ.

ಮನೆಯ ಪರ ನಿಂತವರ ಮೇಲಿನ ನನ್ನ ಮುನಿಸು ಶುರುವಾಗುವುದು ಇಲ್ಲಿಂದ. 11 ಮಂದಿ, ಹೋಲಿಸಿ ನೋಡಲು ಇನ್ನೊಂದು ಗುಂಪಿಲ್ಲ. ಬೆಳೆಯುವ ವಯಸ್ಸಿನ ಮಕ್ಕಳು ಮೂರು ತಿಂಗಳಲ್ಲಿ ತಾವಾಗಿಯೇ ಎಷ್ಟು ಗಟ್ಟಿಯಾಗುತ್ತಿದ್ದರು? ಟ್ರೆಡ್‌ಮಿಲ್ ಪರೀಕ್ಷೆಗೆ ಎರಡನೇ ಸಲ ಬಂದಾಗ ಭಯ ಬಿಟ್ಟಿದ್ದರಿಂದಲೇ ಎಷ್ಟು ಹೆಚ್ಚು ಓಡಿದರು? ಇಂಥ ಅಧ್ಯಯನಕ್ಕೆ ಒಪ್ಪಿಕೊಳ್ಳುವ ಮನೆಗಳು ಮೊದಲೇ ಹುರುಪಿನವು. ಮಗುವನ್ನು ಮೆಟ್ಟಿಲು ಹತ್ತಿಸದ ಅಪ್ಪ ಅಲ್ಲಿಗೆ ಬಂದಿರುವುದೇ ಇಲ್ಲ. ಸುರಕ್ಷಿತ, ಸಾಧ್ಯ ಎಂಬ ಎರಡು ಶಬ್ದಗಳಲ್ಲಿ ಈ ಲೇಖನಗಳು ಮುಗಿಯುತ್ತವೆ. ಹನ್ನೊಂದೋ ಹದಿನಾಲ್ಕೋ ಮಕ್ಕಳಲ್ಲಿ ಅನಾಹುತವಾಗಲಿಲ್ಲ ಎಂಬುದು ಸುರಕ್ಷತೆಗೆ ಪೂರ್ತಿ ಪುರಾವೆಯಾಗದು ಎಂಬುದನ್ನು ಬರೆದವರೂ ಬಲ್ಲರು, ಉಲ್ಲೇಖಿಸುವವರು ಮರೆಯುತ್ತಾರೆ. ಇಷ್ಟಾದರೂ ನಾನು ಮನೆಯ ಪಕ್ಷದಲ್ಲೇ ಇದ್ದೇನೆ. ಯಾಕೆಂದರೆ ಕೂತಿರುವುದೇ ಸುರಕ್ಷಿತ ಎಂಬುದಕ್ಕೆ ಇಷ್ಟು ಪುರಾವೆಯೂ ಇಲ್ಲ. ಇರುವ ಪುರಾವೆ, ಡಲ್ಲಾಸ್‌ನಿಂದ ಹಿಡಿದು, ಅದರ ವಿರುದ್ಧ ಇದೆ. ಜೊತೆಗೆ ರೋಗನಿರೋಧಕ ಶಕ್ತಿಯನ್ನು ಔಷಧದಿಂದ ತಗ್ಗಿಸಿಟ್ಟ ಮಗುವನ್ನು ವಾರಕ್ಕೆ ಮೂರು ಸಲ ಕೆಮ್ಮುವವರ ನಡುವೆ ಆಸ್ಪತ್ರೆಯಲ್ಲಿ ಕೂರಿಸುವುದರ ಅಪಾಯವನ್ನು ಯಾರೂ ತಕ್ಕಡಿಗೆ ಹಾಕುತ್ತಿಲ್ಲ.

ವಿಡಿಯೊ ಕರೆಯ ಯಶಸ್ಸನ್ನು ತಂತ್ರಜ್ಞಾನದ ಯಶಸ್ಸೆಂದು ಬಣ್ಣಿಸುವುದೂ 1999ರ ಅಧ್ಯಯನವನ್ನು ಕಟ್ಟಡದ ಗೆಲುವೆಂದು ಓದಿದಂಥದೇ ತಪ್ಪು. ಪರದೆಯ ಆಚೆ ಜೀವಂತ ಮನುಷ್ಯರಿದ್ದರು, ಮಗುವಿನ ಹೆಸರು ಹಿಡಿದು ಕರೆಯುತ್ತಿದ್ದರು. ಅವರನ್ನು ತೆಗೆದು ಮೊಬೈಲಿಗೊಂದು ಆ್ಯಪ್ ಹಾಕಿಕೊಟ್ಟರೆ ಉಳಿಯುವುದು ಹಳೆಯ ಸೂಚನಾ ಪತ್ರವೇ. ಡಿಸ್ಚಾರ್ಜ್ ದಿನ ಕೈಗಿಡುವ, ಎರಡನೇ ವಾರಕ್ಕೆ ಫ್ರಿಜ್ಜಿನ ಬಾಗಿಲಿಗೆ ಅಂಟಿ ಅಲ್ಲೇ ಹಳದಿಯಾಗುವ ಪತ್ರ.

ಇನ್ನೊಂದು ಸಂಗತಿಯನ್ನು ಈ ಸಾಹಿತ್ಯ ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಮನೆಯಲ್ಲಿ ವ್ಯಾಯಾಮ ಎಂದಾಗ ಅದನ್ನು ಮಾಡಿಸುವವರು ಯಾರು? ನಮ್ಮ ಕಡೆಯಂತೂ ತಾಯಿ. ಬೆಳಿಗ್ಗೆ ಸಂಜೆ ಗಡಿಯಾರ ನೋಡಿ ಟ್ಯಾಕ್ರೋಲಿಮಸ್ ಕೊಡುವವಳು, ನೀರು ಕುದಿಸುವವಳು, ರಕ್ತಪರೀಕ್ಷೆಯ ದಿನ ನೆನಪಿಡುವವಳು ಅವಳೇ. ಈಗ ವ್ಯಾಯಾಮದ ಮೇಷ್ಟ್ರ ಕೆಲಸವೂ ಅವಳ ತಲೆಗೆ. ಹದಿಹರೆಯದವರು ಮಾತ್ರೆ ತಪ್ಪಿಸುವುದು ಕಸಿಹೃದಯ ಕೈಕೊಡಲು ದೊಡ್ಡ ಕಾರಣಗಳಲ್ಲಿ ಒಂದು ಎಂಬುದು ಎಲ್ಲ ಕಸಿ ಕೇಂದ್ರಗಳಿಗೂ ಗೊತ್ತು. ವ್ಯಾಯಾಮವನ್ನು ಇನ್ನೊಂದು ಮಾತ್ರೆಯಂತೆ, ಅಮ್ಮನ ಇನ್ನೊಂದು ಬೈಗುಳದಂತೆ ಮಾಡಿದರೆ ಹದಿನೈದರ ಹುಡುಗಿ ಎರಡನ್ನೂ ಒಟ್ಟಿಗೆ ಒದೆಯುತ್ತಾಳೆ. ಅವಳಿಗೆ ಬೇಕಾದದ್ದು ತಂಗಿಯ ಜೊತೆ ಶಟಲ್, ಗೆಳತಿಯರ ಜೊತೆ ಸೈಕಲ್, ಬೇಕಾದರೆ ಕೋಣೆಯ ಬಾಗಿಲು ಹಾಕಿಕೊಂಡು ಡಾನ್ಸ್. ಎದೆಗೆ ಪೆಟ್ಟು ಬೀಳುವ ಕಬಡ್ಡಿಯಂಥದ್ದಕ್ಕೆ ವೈದ್ಯರನ್ನು ಕೇಳಿಯೇ ಇಳಿಯಲಿ. ಗರಿಷ್ಠ ಆಮ್ಲಜನಕ ಬಳಕೆ ಎಂಬ ಅಳತೆ ಸಂಶೋಧಕರಿಗೆ ಬೇಕು, ಪ್ರಯೋಗಾಲಯದಲ್ಲಷ್ಟೇ ಸಿಗುತ್ತದೆ. ಕುರ್ಚಿಯಿಂದ ಕೈಯೂರದೆ ಎಷ್ಟು ಸಲ ಏಳಬಲ್ಲಳು, ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲಳು ಎಂಬುದನ್ನು ಹಜಾರದಲ್ಲೂ ಅಂಗಳದಲ್ಲೂ ಅಳೆಯಬಹುದು, ಅವಳೇ ಬರೆದಿಡಬಹುದು.

ಗಾಜಿನ ಬೊಂಬೆಗೆ ಎದುರಾಗಿ ಪತ್ರಿಕೆಗಳು ವೀರಗಾಥೆಯನ್ನು ನಿಲ್ಲಿಸುತ್ತವೆ. ಹನ್ನೆರಡನೇ ವಯಸ್ಸಿಗೆ ಒಮ್ಮೆ, 2008ರಲ್ಲಿ ಇನ್ನೊಮ್ಮೆ ಹೃದಯ ಕಸಿ ಮಾಡಿಸಿಕೊಂಡ ಎರಿಕ್ ಕಾಂಪ್ಟನ್ 2014ರ ಯುಎಸ್ ಓಪನ್ ಗಾಲ್ಫ್‌ನಲ್ಲಿ ಎರಡನೇ ಸ್ಥಾನ ಹಂಚಿಕೊಂಡರು. 1986ರಲ್ಲಿ ಕಸಿಯಾದ ಸೈಮನ್ ಕೀತ್ ವೃತ್ತಿಪರ ಫುಟ್‌ಬಾಲ್ ಆಡಿದರು. ಅಂಗಾಂಗ ಕಸಿಯಾದವರ ವಿಶ್ವ ಕ್ರೀಡಾಕೂಟ 1978ರಿಂದ ನಡೆಯುತ್ತ ಬಂದಿದೆ. ಸಂತೋಷ. ಆದರೆ ಇವರ ಕಥೆ ಕೇಳಿದ ಅಮ್ಮ ನಿಟ್ಟುಸಿರಿಟ್ಟು ಅಂಥವರು ಬೇರೆ ಎನ್ನುತ್ತಾಳೆ, ಮಗುವನ್ನು ಮತ್ತೆ ಮರದ ಕೆಳಗೇ ಕೂರಿಸುತ್ತಾಳೆ. ವೀರಗಾಥೆ ಅಂಜಿಕೆಯನ್ನು ಓಡಿಸುವುದಿಲ್ಲ, ಅದಕ್ಕೊಂದು ನೆಪ ಒದಗಿಸುತ್ತದೆ.

ಕರ್ನಾಟಕದ ಮಾತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಜಿಮ್ ವ್ಯಾಯಾಮದ ಬೆನ್ನಿಗೇ ಹೃದಯದ ತೊಂದರೆಯಿಂದ ತೀರಿಕೊಂಡ ಮೇಲೆ ಹೃದಯ ಮತ್ತು ಜಿಮ್ ಎಂಬ ಎರಡು ಶಬ್ದ ಒಟ್ಟಿಗೆ ಕಿವಿಗೆ ಬಿದ್ದರೆ ಬೆಚ್ಚುವ ಸ್ಥಿತಿ ಬಂತು. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಮುಗಿಬಿದ್ದರು. ಗಟ್ಟಿಮುಟ್ಟಾದವರೇ ವ್ಯಾಯಾಮ ಬಿಟ್ಟಾಗ, ಬೇರೆಯವರ ಹೃದಯ ಹೊತ್ತ ಮಗುವಿನ ಮನೆಯವರಿಂದ ಧೈರ್ಯ ನಿರೀಕ್ಷಿಸುವುದು ಹೇಗೆ? ಅದರ ಮೇಲೆ ದೂರ. ಅಂಗಾಂಗ ದಾನದ ಹೊಣೆ ಹೊತ್ತ ಜೀವಸಾರ್ಥಕತೆಯ ಮೂಲಕ ಹೃದಯ ದೊರೆತು ಬೆಂಗಳೂರಿನಲ್ಲಿ ಕಸಿಯಾಗಿ ಬೀದರಿಗೆ ಮರಳುವ ಮಗು ಆಸ್ಪತ್ರೆಯಿಂದ ಸುಮಾರು 700 ಕಿಲೋಮೀಟರ್ ದೂರದಲ್ಲಿರುತ್ತದೆ. ವಾರಕ್ಕೆ ಮೂರು ದಿನ ಮಾನಿಟರಿನಡಿ ತರಬೇತಿ ಎಂಬುದು ಆ ಮನೆಯ ಮಟ್ಟಿಗೆ ಕ್ರೂರ ಹಾಸ್ಯ. ಆದರೆ ಬೀದರಿನಲ್ಲೂ ಫಿಸಿಯೊಥೆರಪಿಸ್ಟರಿದ್ದಾರೆ, ಶಾಲೆಯಲ್ಲಿ ಪಿಟಿ ಮೇಷ್ಟ್ರಿದ್ದಾರೆ. ಅವರಿಬ್ಬರಿಗೂ ಕಸಿ ತಂಡದಿಂದ ಒಂದು ಕನ್ನಡದ ಪತ್ರ, ಒಂದು ಫೋನು ಹೋಗಬೇಕು: ಈ ಮಗು ಓಡಬಹುದು, ಹೀಗೆ ಶುರು ಮಾಡಲಿ, ಹೀಗೆ ನಿಲ್ಲಿಸಲಿ, ಇಂಥದ್ದಾದರೆ ನಮಗೆ ಕರೆ ಮಾಡಿ. ಹಸಿರು ಕಾರಿಡಾರ್ ಮಾಡಿ ನಗರದ ಸಂಚಾರವನ್ನೇ ತಡೆದು ಹೃದಯ ಸಾಗಿಸುವ ಶ್ರಮಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ಅಂಥ ಮಗುವಿನ ತಂದೆತಾಯಿ ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ಡಿಸ್ಚಾರ್ಜ್ ದಿನ ಮಾತ್ರೆಗಳ ಪಟ್ಟಿ ಕೈಗೆ ಬಂತೆಂದು ಎದ್ದು ಬರಬೇಡಿ. ವ್ಯಾಯಾಮ ಯಾವ ವಾರದಿಂದ, ಎಷ್ಟು ಹೊತ್ತು, ಯಾವಾಗ ನಿಲ್ಲಿಸಬೇಕು, ಪ್ರತಿ ವಾರ ಫೋನ್ ಮಾಡಿ ವಿಚಾರಿಸುವವರು ಯಾರು ಎಂದು ಕೇಳಿ. ಅವರ ಹೆಸರು, ನಂಬರು, ಕರೆ ಬರುವ ಹೊತ್ತು ಮೂರನ್ನೂ ಬರೆಸಿಕೊಂಡು ಬನ್ನಿ.